ಬಾಲ್ ಇಲ್ಲದ ನಾಲ್ವರ ಬೆನ್ನುಹತ್ತಿ: ಅಬುಧಾಬಿಯಿಂದ ಮನಿಲಾಕ್ಕೆ ಜರ್ಮನಿಯ ಪ್ರವಾಸ

ದಾವಣಗೆರೆಯಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರು ಮೊಬೈಲಿನಲ್ಲಿ ನೋಡುವುದು ಹೆಚ್ಚಾಗಿ ಅರ್ಧ ನಿಮಿಷದ ತುಣುಕುಗಳನ್ನು. ಡಂಕ್, ಕ್ರಾಸ್‌ಓವರ್, ಅರ್ಧ ಕೋರ್ಟಿನಿಂದ ಎಸೆದ ಶಾಟ್. ಅವುಗಳಲ್ಲಿ ಬಾಲ್ ಹಿಡಿದವನು ಬಿಟ್ಟರೆ ಬೇರೆ ಯಾರೂ ಕಾಣುವುದಿಲ್ಲ. 2023ರ ವಿಶ್ವಕಪ್ಪನ್ನು ಜರ್ಮನಿ ಹೇಗೆ ಗೆದ್ದಿತು ಎಂದು ತಿಳಿಯಬೇಕಾದರೆ ಉಳಿದ ನಾಲ್ವರ ಕಾಲುಗಳನ್ನು ನೋಡಬೇಕು. ಆ ತಂಡದ ಪ್ರವಾಸ ಇಲ್ಲಿ ದಿನದ ಲೆಕ್ಕದಲ್ಲಿದೆ. ಗಡಿಯಾರ ಭಾರತದ್ದು, ಅಭ್ಯಾಸದ ಮಾತೆಲ್ಲ ನಮ್ಮ ಊರಿನ ಸಿಮೆಂಟ್ ಕೋರ್ಟಿಗೆ ಹೊಂದುವಂಥದ್ದು.

ಆಗಸ್ಟ್ 20, ಭಾನುವಾರ. ಅಬುಧಾಬಿ

ಮರುದಿನ ನಾಗರ ಪಂಚಮಿ. ಇಲ್ಲಿ ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದ ರಾತ್ರಿ ಅಬುಧಾಬಿಯಲ್ಲಿ ಜರ್ಮನಿ ಅಮೆರಿಕದ ಎದುರು ಅಭ್ಯಾಸ ಪಂದ್ಯ ಆಡಿತು. ಒಂದು ಹಂತದಲ್ಲಿ 16 ಅಂಕ ಮುಂದಿತ್ತು. ಕೊನೆಗೆ 99–91ರಲ್ಲಿ ಸೋತಿತು. ಆಂಥೊನಿ ಎಡ್ವರ್ಡ್ಸ್ ಒಬ್ಬನೇ 34 ಅಂಕ ಹಾಕಿದ.

ಪತ್ರಿಕೆಗಳಲ್ಲಿ ಬಂದದ್ದು ಅಮೆರಿಕ ಎದ್ದುನಿಂತ ಸುದ್ದಿ. ನೋಡಬೇಕಾದದ್ದು ಆ 16 ಅಂಕ ಎಲ್ಲಿಂದ ಬಂತು ಎಂಬುದನ್ನು. ಜರ್ಮನಿಯ ಆಗಿನ ಕೋಚ್ ಗಾರ್ಡನ್ ಹರ್ಬರ್ಟ್ ಕೆನಡಾದವರು. ಅವರು ಆಟಗಾರರಿಂದ ಮೂರು ಬೇಸಿಗೆಗಳ ಮಾತು ತೆಗೆದುಕೊಂಡಿದ್ದರು: 2022ರ ಯೂರೋಬಾಸ್ಕೆಟ್, 2023ರ ವಿಶ್ವಕಪ್, 2024ರ ಒಲಿಂಪಿಕ್ಸ್. ಬರುವವರು ಮೂರಕ್ಕೂ ಬರಬೇಕು. 2019ರ ವಿಶ್ವಕಪ್‌ನಲ್ಲಿ 18ನೇ ಸ್ಥಾನಕ್ಕೆ ಇಳಿದಿದ್ದ ತಂಡ 2022ರಲ್ಲಿ ಯೂರೋಪಿನ ಕಂಚು ಗೆದ್ದದ್ದು ಈ ಮಾತಿನ ಮೊದಲ ಫಲ. ನಮ್ಮಲ್ಲಿ ದಸರಾ ಕ್ರೀಡಾಕೂಟ ಹತ್ತಿರ ಬಂದಾಗ ಐದಾರು ದಿನ ಒಟ್ಟಿಗೆ ಬಾಲ್ ತಟ್ಟಿ ಬಸ್ ಹತ್ತುವ ತಂಡಗಳಿಗೆ ಪ್ರತಿಭೆಯ ಕೊರತೆ ಇರುವುದಿಲ್ಲ. ಪಕ್ಕದವನು ಯಾವ ಹೆಜ್ಜೆಗೆ ಪಾಸ್ ಬೇಡುತ್ತಾನೆ ಎಂಬುದು ಗೊತ್ತಿರುವುದಿಲ್ಲ, ಅಷ್ಟೆ.

ಆಗಸ್ಟ್ 25, ಶುಕ್ರವಾರ. ಒಕಿನಾವಾ

ಆ ವಿಶ್ವಕಪ್ ಮೂರು ದೇಶಗಳಲ್ಲಿ ಹಂಚಿಹೋಗಿತ್ತು: ಫಿಲಿಪ್ಪೀನ್ಸ್, ಜಪಾನ್, ಇಂಡೊನೇಷ್ಯಾ. 32 ತಂಡ, ನಾಲ್ಕು ನಾಲ್ಕರ ಎಂಟು ಗುಂಪು. ಭಾರತ ಅಲ್ಲಿರಲಿಲ್ಲ. ನಮ್ಮ ಪುರುಷರ ತಂಡ ಈ ವಿಶ್ವಕಪ್‌ನಲ್ಲಿ ಒಮ್ಮೆಯೂ ಆಡಿಲ್ಲ. ಒಲಿಂಪಿಕ್ಸ್‌ನಲ್ಲಿ ಆಡಿದ್ದು 1980ರ ಮಾಸ್ಕೋದಲ್ಲಿ ಮಾತ್ರ.

ಜರ್ಮನಿಯ ಗುಂಪು ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದಲ್ಲಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿ ರಾತ್ರಿ 9.10ರ ಪಂದ್ಯ ದಾವಣಗೆರೆಯಲ್ಲಿ ಸಂಜೆ 5.40ಕ್ಕೆ, ವರಮಹಾಲಕ್ಷ್ಮಿ ಪೂಜೆಯ ದಿನ, ಅರಿಶಿನ ಕುಂಕುಮಕ್ಕೆ ಮನೆಮನೆ ಓಡಾಟ ನಡೆದಿದ್ದ ಹೊತ್ತಿಗೆ. ಎದುರಾಳಿ ಆತಿಥೇಯ ಜಪಾನ್. ಜರ್ಮನಿ 81–63ರಲ್ಲಿ ಗೆದ್ದಿತು.

ಗೆಲುವಿಗಿಂತ ದೊಡ್ಡ ಸುದ್ದಿ ಫ್ರಾಂಜ್ ವಾಗ್ನರ್ ಆ್ಯಂಕಲ್ ಉಳುಕಿಸಿಕೊಂಡದ್ದು. ತಂಡದ ಎರಡನೇ ಮುಖ್ಯ ಸ್ಕೋರರ್ ಅವನು. ಮುಂದಿನ ನಾಲ್ಕೂ ಪಂದ್ಯ ಬೆಂಚಿನಲ್ಲೇ ಕೂತ. ಅವಸರದಲ್ಲಿ ಇಳಿಸದೆ ಇದ್ದದ್ದೇ ಮುಂದೆ ಕೆಲಸಕ್ಕೆ ಬಂತು. ನಮ್ಮ ಕೋರ್ಟುಗಳಲ್ಲಿ ಆ್ಯಂಕಲ್ ಉಳುಕುವುದು ಬಹುತೇಕ ರಿಬೌಂಡಿಗೆ, ಅಂದರೆ ತಪ್ಪಿ ಚಿಮ್ಮಿದ ಬಾಲಿಗೆ, ಹಾರಿ ಇಳಿಯುವಾಗ, ಇನ್ನೊಬ್ಬನ ಪಾದದ ಮೇಲೆ ಕಾಲಿಟ್ಟು. ಹಾಗಾದಾಗ ಹುಡುಗರು ಮಾಡುವ ಮೊದಲ ಕೆಲಸ ಮುಲಾಮು ಹಚ್ಚಿ ಗಸಗಸ ತಿಕ್ಕುವುದು. ಊತ ಹೆಚ್ಚುವುದೇ ಅದರಿಂದ. ಶೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಡಬೇಕು, ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಾಲನ್ನು ಎತ್ತರಕ್ಕೆ ಇಡಬೇಕು. ಆ ಕಾಲಿನ ಮೇಲೆ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಮತ್ತೆ ಆಡಲು ಇಳಿಯುವ ಮುನ್ನ ಒಂಟಿ ಕಾಲಲ್ಲಿ ನೋವಿಲ್ಲದೆ ಕುಪ್ಪಳಿಸಲು ಆಗಬೇಕು.

ಆಗಸ್ಟ್ 27, ಭಾನುವಾರ

ಮಧ್ಯಾಹ್ನ 2 ಗಂಟೆ, ಆಸ್ಟ್ರೇಲಿಯಾ. ವಾಗ್ನರ್ ಇಲ್ಲ. ಡೆನಿಸ್ ಶ್ರೋಡರ್ 30, ಮಾವೋಡೊ ಲೋ 20. ಇಬ್ಬರೂ ಗಾರ್ಡ್‌ಗಳು, ಬಾಲ್ ತಂದು ಆಟ ನಡೆಸುವವರು. 85–82.

ಒಬ್ಬ ಉದ್ದನೆಯ ಆಟಗಾರ ಹೊರಗುಳಿದಾಗ ಅವನ ಜಾಗಕ್ಕೆ ಇನ್ನೊಬ್ಬ ಉದ್ದನೆಯವನನ್ನೇ ಹುಡುಕುವುದು ಎಲ್ಲ ಕಡೆಯ ರೂಢಿ. ಇಲ್ಲಿ ಬಾಲ್ ನಡೆಸಬಲ್ಲ ಸಣ್ಣವರಿಬ್ಬರ ಮೇಲೆ ಆಟ ನಿಂತಿತು. ಒಬ್ಬನ ಮೇಲೆ ಒತ್ತಡ ಬಿದ್ದರೆ ಬಾಲ್ ಇನ್ನೊಬ್ಬನ ಕೈಗೆ ಹೋಗುತ್ತದೆ, ಆಟ ಮತ್ತೆ ಮೊದಲಿನಿಂದ ಶುರು. ಶಾಲಾ ತಂಡಗಳಲ್ಲಿ ಬಾಲ್ ತರುವವನು ಒಬ್ಬನೇ. ಅವನಿಗೆ ಇಬ್ಬರು ಮುತ್ತಿಗೆ ಹಾಕಿದರೆ ಎಂಟು ಸೆಕೆಂಡಿನೊಳಗೆ ಅರ್ಧ ಗೆರೆ ದಾಟುವುದೇ ಆಗುವುದಿಲ್ಲ. ಎರಡನೆಯವನನ್ನು ತಯಾರು ಮಾಡಲು ಸುಲಭದ ದಾರಿ ಒಂದಿದೆ: ಅಭ್ಯಾಸದ ಆಟದಲ್ಲಿ ಮುಖ್ಯ ಗಾರ್ಡ್ ಡ್ರಿಬಲ್ ಮಾಡುವಂತಿಲ್ಲ, ಪಾಸ್ ಮಾತ್ರ, ಎಂದು ಹತ್ತು ನಿಮಿಷ ಕಟ್ಟಳೆ ಹಾಕುವುದು.

ಅದೇ ಸಂಜೆ ಜಪಾನ್ 18 ಅಂಕ ಹಿಂದಿದ್ದು ಫಿನ್ಲೆಂಡನ್ನು 98–88ರಲ್ಲಿ ಸೋಲಿಸಿತು. ಆ ರಾತ್ರಿ ನಮ್ಮವರೆಲ್ಲ ಬುಡಾಪೆಸ್ಟ್‌ನಲ್ಲಿ ನೀರಜ್ ಚೋಪ್ರಾನ ಭರ್ಚಿ ನೋಡುತ್ತಿದ್ದರು. ತಪ್ಪೇನಿಲ್ಲ.

ಆಗಸ್ಟ್ 29, ಮಂಗಳವಾರ

ಫಿನ್ಲೆಂಡ್ ಮೇಲೆ 101–75. ಗುಂಪಿನಲ್ಲಿ ಮೂರಕ್ಕೆ ಮೂರು.

ಪಂದ್ಯದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಆದರೆ ಇಂಥ ಗೆಲುವಿನಲ್ಲಿ ಜರ್ಮನಿಯ ಐವರು ಎಷ್ಟು ದೂರ ದೂರ ನಿಲ್ಲುತ್ತಾರೆ ಎಂಬುದು ಚೆನ್ನಾಗಿ ಕಾಣುತ್ತದೆ. ಅದನ್ನು ಇಲ್ಲಿ ಅಭ್ಯಾಸ ಮಾಡಹೊರಟರೆ ಮೊದಲ ತೊಡಕು ನೆಲದ ಮೇಲಿನ ಗೆರೆ. ಮೂರು ಅಂಕದ ಗೆರೆ 2010ರಲ್ಲಿ 6.25 ಮೀಟರಿನಿಂದ 6.75ಕ್ಕೆ ಹೋಯಿತು, ರಿಂಗಿನ ಕೆಳಗಿನ ಜಾಗ ಓರೆ ಬದಿಗಳ ಆಕಾರ ಬಿಟ್ಟು ಆಯತವಾಯಿತು. ಅದಕ್ಕೂ ಮುಂಚೆ ಬಳಿದ ಕೋರ್ಟುಗಳಲ್ಲಿ ಹಳೆಯ ಗೆರೆಯ ಮೇಲೇ ಮತ್ತೆ ಮತ್ತೆ ಬಣ್ಣ ಹಚ್ಚುತ್ತಾ ಬಂದಿರುತ್ತಾರೆ. ಅಲ್ಲಿ ಕಲಿತ ಹುಡುಗ ಹೊರಗಿನ ಟೂರ್ನಿಗೆ ಹೋದಾಗ ಶಾಟ್‌ಗಳೆಲ್ಲ ರಿಂಗಿನ ಮುಂಭಾಗಕ್ಕೆ ತಾಗಿ ಬೀಳುತ್ತವೆ. ಕೈಯ ದೋಷವಲ್ಲ, ಅರ್ಧ ಮೀಟರಿನ ದೋಷ.

ಸರಿಪಡಿಸುವುದು ಒಂದು ಬೆಳಗಿನ ಕೆಲಸ. ರಿಂಗಿನ ನಟ್ಟನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಲದ ಮೇಲೆ ಚುಕ್ಕೆ ಹಾಕಿ. ಆ ಚುಕ್ಕೆ ಹಿಂಗೆರೆಯ ಒಳ ಅಂಚಿನಿಂದ 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಕಂಬವೇ ವಾಲಿದೆ ಅಂತ ಅರ್ಥ. ಚುಕ್ಕೆಯಿಂದ 6.75 ಮೀಟರ್ ದಾರ ಹಿಡಿದು ಕಮಾನು ಎಳೆಯಿರಿ, ಅದು ಗೆರೆಯ ಹೊರ ಅಂಚು. ಮೂಲೆಗಳಲ್ಲಿ ಮಾತ್ರ ಪಕ್ಕದ ಗೆರೆಯಿಂದ 90 ಸೆಂಟಿಮೀಟರ್ ಒಳಗೆ ನೇರ ಗೆರೆ. ಹಾಗಾಗಿ ಮೂಲೆಯಿಂದ ರಿಂಗಿಗೆ 6.60 ಮೀಟರ್ ಮಾತ್ರ ಆಗುತ್ತದೆ, ಮೂರು ಅಂಕಕ್ಕೆ ಎಲ್ಲಕ್ಕಿಂತ ಹತ್ತಿರದ ಜಾಗ ಅದೇ. ಗೆರೆಯ ಅಗಲ 5 ಸೆಂಟಿಮೀಟರ್. ಹಾಗೇ ರಿಂಗಿನ ಎತ್ತರವನ್ನೂ ಅಳೆದುಬಿಡಿ. 3.05 ಮೀಟರ್ ಇರಬೇಕಾದದ್ದು, ಕೋರ್ಟಿನ ಮೇಲೆ ಹೊಸ ಸಿಮೆಂಟ್ ಹೊಯ್ದಾಗ ನೆಲ ಏರಿ ಕಡಿಮೆಯಾಗಿರುತ್ತದೆ.

ಸೆಪ್ಟೆಂಬರ್ 1 ಮತ್ತು 3

ಎರಡನೇ ಸುತ್ತೂ ಒಕಿನಾವಾದಲ್ಲೇ. ಮೊದಲ ಸುತ್ತಿನ ಫಲಿತಾಂಶಗಳು ಇಲ್ಲಿಗೂ ಬರುತ್ತವೆ. ಶುಕ್ರವಾರ ಜಾರ್ಜಿಯಾ ಮೇಲೆ 100–73. ಅದೇ ದಿನ ಸ್ಲೊವೇನಿಯಾ ಆಸ್ಟ್ರೇಲಿಯಾವನ್ನು ಸೋಲಿಸಿದ್ದರಿಂದ ಜರ್ಮನಿ, ಸ್ಲೊವೇನಿಯಾ ಎರಡೂ ಕ್ವಾರ್ಟರ್‌ಫೈನಲ್ ಮುಟ್ಟಿಯಾಗಿತ್ತು. ಭಾನುವಾರದ ಪಂದ್ಯದಲ್ಲಿ ಬಾಕಿ ಇದ್ದದ್ದು ಒಂದೇ: ಗೆದ್ದವರಿಗೆ ಲಾಟ್ವಿಯಾ, ಸೋತವರಿಗೆ ಕೆನಡಾ. ಲೂಕಾ ಡಾನ್ಚಿಚ್ ಇದ್ದ ಸ್ಲೊವೇನಿಯಾವನ್ನು ಜರ್ಮನಿ 100–71ರಲ್ಲಿ ಮುಗಿಸಿತು. ಒಬ್ಬ ಮಹಾ ಆಟಗಾರನ ತಂಡವನ್ನು ಹತ್ತು ಜನರ ತಂಡ 29 ಅಂಕದಿಂದ ಸೋಲಿಸಿದ ಪಂದ್ಯವಿದು. ನೋಡಲು ಅಷ್ಟೇನೂ ರೋಚಕವಲ್ಲ, ಕಲಿಯಲು ಬೇಕಾದಷ್ಟಿದೆ.

ಅದೇ ಭಾನುವಾರ ಮನಿಲಾದಲ್ಲಿ ಲಿಥುವೇನಿಯಾ ಅಮೆರಿಕವನ್ನು 110–104ರಲ್ಲಿ ಸೋಲಿಸಿತು. ಅಮೆರಿಕದ ಎತ್ತರ ರಿಬೌಂಡಿನಲ್ಲಿ ಸಾಲುತ್ತಿಲ್ಲ ಎಂಬುದು ಎಲ್ಲರಿಗೂ ಕಂಡಿತು.

ಈ ನಡುವೆ ಒಂದು ಕಹಿ ಸುದ್ದಿ. ಆಗಸ್ಟ್ 30ರಂದು ಮನಿಲಾದಲ್ಲಿ ಸರ್ಬಿಯಾದ ಬೊರಿಶಾ ಸಿಮಾನಿಚ್‌ಗೆ ದಕ್ಷಿಣ ಸುಡಾನ್ ಎದುರಿನ ಪಂದ್ಯದಲ್ಲಿ ಮೊಣಕೈ ಏಟು ಬಿದ್ದು, ಒಂದು ಮೂತ್ರಪಿಂಡವನ್ನೇ ತೆಗೆಯಬೇಕಾಯಿತು. ಮೊಣಕೈ ಬೀಸಿದರೆ ರೆಫರಿ ಸೀಟಿ ಊದಬೇಕೆಂದು ಕಾಯಬಾರದು, ಅಭ್ಯಾಸದಲ್ಲೇ ಆಟ ನಿಲ್ಲಿಸಬೇಕು.

ಆಮೇಲೆ ಒಕಿನಾವಾದಿಂದ ಮನಿಲಾಕ್ಕೆ ವಿಮಾನ. ಸುಮಾರು 1,500 ಕಿಲೋಮೀಟರ್, ಹೆಚ್ಚುಕಡಿಮೆ ದಾವಣಗೆರೆಯಿಂದ ದೆಹಲಿಗೆ ನೇರ ಗೆರೆ ಎಳೆದಷ್ಟು. ಗಡಿಯಾರ ಒಂದು ಗಂಟೆ ಹಿಂದೆ, ನಮಗಿಂತ ಎರಡೂವರೆ ಗಂಟೆ ಮುಂದೆ.

ಸೆಪ್ಟೆಂಬರ್ 6, ಬುಧವಾರ. ಮಾಲ್ ಆಫ್ ಏಷ್ಯಾ ಅರೀನಾ

ವಿಶ್ವಕಪ್ ಗೆದ್ದ ದಿನ ಯಾವುದು ಎಂದು ಕೇಳಿದರೆ ಬಹಳ ಜನ ಸೆಮಿಫೈನಲ್ ಹೆಸರು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಈ ಬುಧವಾರ, ಮಧ್ಯಾಹ್ನ 2.15ರ ಪಂದ್ಯ.

ಲಾಟ್ವಿಯಾಕ್ಕೆ ಇದು ಮೊದಲ ವಿಶ್ವಕಪ್. ಮುಖ್ಯ ಆಟಗಾರ ಪೊರ್ಜಿಂಗಿಸ್ ಗಾಯದಿಂದ ಬಂದೇ ಇರಲಿಲ್ಲ. ಹಾಗಿದ್ದೂ ಫ್ರಾನ್ಸ್, ಸ್ಪೇನ್ ಎರಡನ್ನೂ ಸೋಲಿಸಿ ಬಂದಿತ್ತು. ಶ್ರೋಡರ್ ಅಂದು 26 ಶಾಟ್ ಹೊಡೆದು 4 ಹಾಕಿದ. ಮೂರು ಅಂಕದವು ಎಂಟಕ್ಕೆ ಸೊನ್ನೆ. ಒಟ್ಟು 9 ಅಂಕ. ಆದರೂ ಜರ್ಮನಿ 81–79ರಲ್ಲಿ ಗೆದ್ದಿತು. ಕೊನೆಯ ಕ್ಷಣದಲ್ಲಿ ಡೇವಿಸ್ ಬೆರ್ಟಾನ್ಸ್ ಎಸೆದ ಮೂರು ಅಂಕದ ಶಾಟ್ ರಿಂಗಿಗೆ ಬಡಿದು ಹೊರಬಿತ್ತು.

“ಸಾರ್, 26ಕ್ಕೆ 4 ಹಾಕಿದವನಿಗೆ ಟೂರ್ನಿಯ ಬೆಸ್ಟ್ ಪ್ಲೇಯರ್ ಹೆಂಗ್ ಕೊಟ್ರು?” ಈ ಪಂದ್ಯ ತೋರಿಸಿದರೆ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಒಂದು ಪಂದ್ಯಕ್ಕೆ ಕೊಟ್ಟದ್ದಲ್ಲ ಕಣಪ್ಪ, ಎಂಟು ಪಂದ್ಯಕ್ಕೆ ಎಂದರೆ ಆ ಮಾತು ಮುಗಿಯಿತು. ಕೇಳಬೇಕಾದ ಪ್ರಶ್ನೆ ಬೇರೆ: 22 ಶಾಟ್ ತಪ್ಪಿಸಿದವನಿದ್ದೂ ತಂಡ ಗೆದ್ದದ್ದು ಹೇಗೆ?

ನಾಲ್ಕು ಪಂದ್ಯ ಬಿಟ್ಟು ಬಂದ ಫ್ರಾಂಜ್ ವಾಗ್ನರ್ 16 ಅಂಕ ಕೊಟ್ಟ, ಆ್ಯಂಕಲ್ ವಿಷಯದಲ್ಲಿ ಕಾದದ್ದಕ್ಕೆ ಬಂದ ಪ್ರತಿಫಲ. ಜೊತೆಗೆ ತಪ್ಪಿದ ಶಾಟ್ ಎಂದರೆ ಬಾಲ್ ಕಳೆದುಕೊಂಡಂತೆ ಎಂದು ಜರ್ಮನಿ ಆಡುವುದಿಲ್ಲ. ವಿಶ್ವಕಪ್ ಆಡುವ ಅಂತರರಾಷ್ಟ್ರೀಯ ನಿಯಮದಲ್ಲಿ ಬಾಲ್ ಒಮ್ಮೆ ರಿಂಗಿಗೆ ತಾಗಿದರೆ, ಅದು ರಿಂಗಿನ ಮೇಲೇ ಇದ್ದರೂ ಎರಡೂ ತಂಡದವರು ಕೈ ಹಾಕಬಹುದು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹಾಗಿಲ್ಲ. ಎನ್‌ಬಿಎ ನೋಡಿ ಬೆಳೆದ ನಮ್ಮ ಹುಡುಗರು ಬಾಲ್ ರಿಂಗಿನ ಮೇಲೆ ಕುಣಿಯುವಾಗ ಕೈ ಕಟ್ಟಿ ನಿಲ್ಲುತ್ತಾರೆ. ಇನ್ನೊಂದು, ದಾಳಿ ಮಾಡುವ ತಂಡಕ್ಕೇ ರಿಬೌಂಡ್ ಸಿಕ್ಕರೆ ಶಾಟ್ ಎಸೆಯಲು ಉಳಿದ ಸಮಯ ತೋರಿಸುವ ಶಾಟ್ ಗಡಿಯಾರ 24 ಸೆಕೆಂಡಿಗಲ್ಲ, 14ಕ್ಕೆ ನಿಲ್ಲುತ್ತದೆ. ರಿಬೌಂಡ್ ಹಿಡಿದು ಅರ್ಧ ಕೋರ್ಟಿಗೆ ಎಳೆದುಕೊಂಡು ಹೋಗಿ ಹೊಸದಾಗಿ ಆಟ ಕಟ್ಟುವಷ್ಟು ಸಮಯ ಉಳಿಯುವುದಿಲ್ಲ. ಹಿಡಿದ ಜಾಗದಿಂದಲೇ ಮತ್ತೆ ಎತ್ತಬೇಕು, ಇಲ್ಲವೇ ಒಂದೇ ಪಾಸಿನಲ್ಲಿ ಮೂಲೆಗೆ ಕೊಡಬೇಕು.

ಸೆಪ್ಟೆಂಬರ್ 8, ಶುಕ್ರವಾರ

ಸಂಜೆ 6.10, ಅಮೆರಿಕ. ಅಬುಧಾಬಿಯ ಲೆಕ್ಕ ಬಾಕಿ ಇತ್ತು.

ಅರ್ಧ ಸಮಯಕ್ಕೆ ಅಮೆರಿಕ 60–59. ಮೂರನೇ ಕ್ವಾರ್ಟರಿನಲ್ಲಿ ಜರ್ಮನಿ 35 ಅಂಕ ಹಾಕಿ 94–84ಕ್ಕೆ ಹೋಯಿತು. ಕೊನೆಗೆ ಅಮೆರಿಕ 108–107ಕ್ಕೆ ಬಂದು ಮುಟ್ಟಿತು. ಅಲ್ಲಿ ಆಂಡ್ರಿಯಾಸ್ ಒಬ್ಸ್ಟ್ ಹಾಕಿದ ಮೂರು ಅಂಕ, 111–107. ಅಂತಿಮ 113–111. ಒಬ್ಸ್ಟ್ 24, ಫ್ರಾಂಜ್ ವಾಗ್ನರ್ 22, ಡೇನಿಯಲ್ ಟೈಸ್ 21, ಶ್ರೋಡರ್ 17.

ಒಬ್ಸ್ಟ್ ಎನ್‌ಬಿಎ ಆಟಗಾರನಲ್ಲ, ಆಗ ಬಯರ್ನ್ ಮ್ಯೂನಿಕ್‌ನಲ್ಲಿದ್ದವನು. ದೊಡ್ಡ ಜಿಗಿತವಿಲ್ಲ, ತುಣುಕು ವಿಡಿಯೊಗೆ ಬೇಕಾದ ಡ್ರಿಬಲ್ಲೂ ಇಲ್ಲ. ಅವನ ಆಟವೆಲ್ಲ ಬಾಲ್ ಕೈಗೆ ಬರುವ ಮುಂಚೆ ಮುಗಿದಿರುತ್ತದೆ. ಟೈಸ್ ಥರದ ದಪ್ಪ ಆಟಗಾರ ಸ್ಕ್ರೀನ್ ಹಾಕಿ, ಅಂದರೆ ಡಿಫೆಂಡರನ ದಾರಿಗೆ ಅಡ್ಡವಾಗಿ, ನಿಲ್ಲುತ್ತಾನೆ, ಒಬ್ಸ್ಟ್ ಅವನ ಸೊಂಟ ಸವರಿಕೊಂಡು ಹೊರಬರುತ್ತಾನೆ, ಬಾಲ್ ಮತ್ತು ಅವನ ಕಾಲು ಒಟ್ಟಿಗೆ ಇಳಿಯುತ್ತವೆ.

ಇದನ್ನು ಸಿಮೆಂಟ್ ಕೋರ್ಟಿನಲ್ಲಿ ಕಲಿಸಲು ನಾಲ್ಕು ಜನ, ಎರಡು ಬಾಲ್ ಸಾಕು. ಶೂಟರ್ ರಿಂಗಿನ ಪಕ್ಕ, ಹಿಂಗೆರೆಯ ಹತ್ತಿರ. ಸ್ಕ್ರೀನ್ ಹಾಕುವವನು ಫ್ರೀ ಥ್ರೋ ಗೆರೆಯ ತುದಿಯಲ್ಲಿ. ಪಾಸ್ ಕೊಡುವವನು ಮೇಲೆ, ಮೂರು ಅಂಕದ ಗೆರೆಯ ಹೊರಗೆ. ನಾಲ್ಕನೆಯವನು ಡಿಫೆಂಡರ್. ಶೂಟರ್ ಮೊದಲು ರಿಂಗಿನ ಕಡೆಗೆ ಎರಡು ನಿಧಾನದ ಹೆಜ್ಜೆ ಹಾಕಿ ಡಿಫೆಂಡರನನ್ನು ಒಳಗೆಳೆಯಬೇಕು, ಆಮೇಲೆ ಒಮ್ಮೆಲೇ ವೇಗ. ಭುಜಕ್ಕೂ ಸ್ಕ್ರೀನಿನವನ ಸೊಂಟಕ್ಕೂ ನಡುವೆ ಯಾರೂ ನುಸುಳುವಷ್ಟು ಸಂದು ಇರಬಾರದು. ಡಿಫೆಂಡರ್ ಬೆನ್ನಿಗೆ ಅಂಟಿಕೊಂಡೇ ಬಂದರೆ ಸ್ಕ್ರೀನನ್ನು ಸುತ್ತಿ ರಿಂಗಿನತ್ತ ತಿರುಗಬೇಕು. ಸ್ಕ್ರೀನಿನ ಆಚೆಯಿಂದ ಅಡ್ಡದಾರಿ ಹಿಡಿದರೆ ಮೂಲೆಗೆ ಸರಿಯಬೇಕು. ಮೊದಲೇ ಮುಂದೆ ಹೋಗಿ ದಾರಿ ಅಡ್ಡಗಟ್ಟಿದರೆ ಅವನ ಬೆನ್ನ ಹಿಂದಿನಿಂದ ರಿಂಗಿಗೆ ಓಡಬೇಕು. ಮೊದಲ ವಾರ ಡಿಫೆಂಡರ್ ಏನು ಮಾಡುತ್ತಾನೆಂದು ಹೇಳಿಟ್ಟು ಪ್ರತಿಯೊಂದಕ್ಕೂ ಎರಡೂ ಬದಿಯಿಂದ ಹತ್ತು ಹತ್ತು ಶಾಟ್. ಎರಡನೇ ವಾರ ಹೇಳದೆ.

ಕೆಡುವುದು ಮೂರು ಕಡೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಶೂಟರನ ಅವಸರ. ಸ್ಕ್ರೀನ್ ನಿಲ್ಲುವ ಮೊದಲೇ ಓಡಿದರೆ ಹೆಂಚು ಕಾಯುವ ಮುಂಚೆ ಹಿಟ್ಟು ಹುಯ್ದ ಬೆಣ್ಣೆದೋಸೆಯ ಗತಿ, ಆಮೇಲೆ ಎಷ್ಟು ಕೆರೆದರೂ ಏಳುವುದಿಲ್ಲ. ಎರಡನೆಯದು, ಸ್ಕ್ರೀನಿನವನು ಡಿಫೆಂಡರ್ ತಪ್ಪಿಸಿಕೊಳ್ಳುತ್ತಿದ್ದಾನೆಂದು ಸೊಂಟ ಚಾಚುವುದು. ಅದು ಫೌಲ್, ಬಾಲ್ ಎದುರಾಳಿಗೆ. ಕಾಲು ಭುಜದಗಲ, ಕೈ ಎದೆಯ ಮೇಲೆ ಮಡಚಿ, ಮರದಂತೆ ನಿಂತರೆ ಸಾಕು. ಮೂರನೆಯದು ಪಾಸ್. ಶೂಟರ್ ತಿರುಗಿ ನಿಂತ ಮೇಲೆ ಕೊಟ್ಟರೆ ತಡವಾಯಿತು, ಅವನು ಸ್ಕ್ರೀನ್ ದಾಟುವಾಗಲೇ ಬಾಲ್ ಕೈಬಿಟ್ಟಿರಬೇಕು, ಎದೆಯ ಹೊರಬದಿಗೆ.

ಅಮೆರಿಕ ಸೋತದ್ದಕ್ಕೆ ದೊಡ್ಡ ಹೆಸರುಗಳು ಬರಲಿಲ್ಲ ಎಂಬ ಕಾರಣ ಕೊಡುವವರಿದ್ದಾರೆ. ಬಂದವರೂ 111 ಅಂಕ ಹಾಕಿದ್ದಾರೆ. ತಪ್ಪಿದ್ದು ಸ್ಕ್ರೀನ್ ದಾಟುವಾಗ ಇಬ್ಬರು ಡಿಫೆಂಡರ್‌ಗಳ ನಡುವಿನ ಮಾತು.

ಸೆಪ್ಟೆಂಬರ್ 9, ಶನಿವಾರ

ಜರ್ಮನಿಗೆ ವಿರಾಮ. ಐದನೇ ಸ್ಥಾನಕ್ಕೆ ಲಾಟ್ವಿಯಾ ಲಿಥುವೇನಿಯಾವನ್ನು 98–63ರಲ್ಲಿ ಸೋಲಿಸಿತು. ಅದರ ಗಾರ್ಡ್ ಆರ್ಟುರ್ಸ್ ಝಾಗರ್ಸ್ 17 ಅಸಿಸ್ಟ್, ಅಂದರೆ ನೇರ ಅಂಕವಾದ ಪಾಸ್, ಕೊಟ್ಟ, ವಿಶ್ವಕಪ್ ದಾಖಲೆ. ಬುಧವಾರ ಜರ್ಮನಿಗೆ ಎರಡೇ ಅಂಕದ ಗೆಲುವು ಏಕೆ ಸಿಕ್ಕಿತು ಎಂಬುದಕ್ಕೆ ಇದೂ ಉತ್ತರ.

ಸೆಪ್ಟೆಂಬರ್ 10, ಭಾನುವಾರ

ಅಂದು ದಾವಣಗೆರೆಯ ಟಿವಿಗಳಲ್ಲಿದ್ದದ್ದು ಕೊಲಂಬೊ: ಏಷ್ಯಾ ಕಪ್, ಭಾರತ–ಪಾಕಿಸ್ತಾನ. 24.1 ಓವರಿಗೆ ಭಾರತ 2 ವಿಕೆಟ್‌ಗೆ 147 ಆಗಿದ್ದಾಗ ಮಳೆ ಸುರಿದು, ಉಳಿದ ಆಟ ಸೋಮವಾರಕ್ಕೆ ಹೋಯಿತು. ಮನಿಲಾದ ಫೈನಲ್ 6.10ಕ್ಕೆ ಶುರುವಾಗುವಾಗ ಕೊಲಂಬೊದಲ್ಲಿ ತೋರಿಸಲು ನೆನೆದ ಮೈದಾನ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಬಾಸ್ಕೆಟ್‌ಬಾಲ್‌ಗೆ ಮಳೆರಾಯ ಒದಗಿಸಿದ ಪ್ರೇಕ್ಷಕರೂ ಒಂದಷ್ಟು ಜನ.

ಅದಕ್ಕೂ ಮುಂಚೆ ಕಂಚಿನ ಪಂದ್ಯ. ಕೊನೆಯ 4.2 ಸೆಕೆಂಡಿನಲ್ಲಿ ಅಮೆರಿಕ ಕೆನಡಾಕ್ಕಿಂತ 4 ಅಂಕ ಹಿಂದೆ. ಮಿಕಾಲ್ ಬ್ರಿಡ್ಜಸ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ಹಾಕಿದ, ಎರಡನೆಯದನ್ನು ಬೇಕೆಂದೇ ತಪ್ಪಿಸಿ, ರಿಬೌಂಡ್ ತಾನೇ ಹಿಡಿದು, ಮೂಲೆಗೆ ಓಡಿ ಮೂರು ಅಂಕ ಹಾಕಿದ. 111–111. ಹೆಚ್ಚುವರಿ ಸಮಯದಲ್ಲಿ ಕೆನಡಾ 127–118ರಲ್ಲಿ ಗೆದ್ದಿತು, ಡಿಲನ್ ಬ್ರೂಕ್ಸ್ 39 ಅಂಕ. ಬೇಕೆಂದು ತಪ್ಪಿಸುವುದಕ್ಕೂ ಅಭ್ಯಾಸ ಬೇಕು. ಬಾಲ್ ರಿಂಗಿಗೆ ತಾಗಲೇಬೇಕು, ಬೋರ್ಡಿಗಷ್ಟೇ ತಾಗಿದರೆ ಉಲ್ಲಂಘನೆ. ಬಾಲ್ ರಿಂಗಿಗೆ ತಾಗುವವರೆಗೆ ಎಸೆದವನು ಗೆರೆ ದಾಟುವಂತಿಲ್ಲ. ಕಮಾನು ಇಲ್ಲದೆ, ಚಪ್ಪಟೆಯಾಗಿ, ಜೋರಾಗಿ ರಿಂಗಿನ ಮುಂಭಾಗಕ್ಕೆ ಎಸೆದರೆ ಅದು ಎಸೆದವನ ಕಡೆಗೇ ಚಿಮ್ಮುತ್ತದೆ.

ಫೈನಲ್‌ನಲ್ಲಿ ಎದುರಾಳಿ ಸರ್ಬಿಯಾ. ಅದರ ಆಗಿನ ಕೋಚ್ ಸ್ವೆತಿಸ್ಲಾವ್ ಪೆಶಿಚ್. 1993ರಲ್ಲಿ ಜರ್ಮನಿಗೆ ಯೂರೋಪಿನ ಚಿನ್ನ ಗೆಲ್ಲಿಸಿದ ಕೋಚ್ ಇವರೇ, ಅದೂ ಮ್ಯೂನಿಕ್‌ನಲ್ಲಿ. ಅರ್ಧ ಸಮಯಕ್ಕೆ 47–47. ಮೂರನೇ ಕ್ವಾರ್ಟರ್ 22–10. ಸೆಮಿಫೈನಲ್‌ನಂತೆ ಇಲ್ಲೂ ಪಂದ್ಯ ತಿರುಗಿದ್ದು ಅರ್ಧ ಸಮಯದ ನಂತರದ ಹತ್ತು ನಿಮಿಷದಲ್ಲಿ. ಆದರೆ ಅಂದು 35 ಹಾಕಿ ಗೆದ್ದರು, ಇಂದು 10 ಮಾತ್ರ ಬಿಟ್ಟುಕೊಟ್ಟು ಗೆದ್ದರು. ಸರ್ಬಿಯಾ ಕೊನೆಗೆ ಎರಡು ಅಂಕದವರೆಗೆ ಬಂತು. ಶ್ರೋಡರ್ ಡಿಫೆಂಡರನನ್ನು ದಾಟಿ ರಿಂಗಿನ ಹತ್ತಿರದಿಂದಲೇ ಲೇಅಪ್ ಹಾಕಿದ, ಆಮೇಲೆ ಎರಡು ಫ್ರೀ ಥ್ರೋ. 83–77. ಅವನಿಗೆ 28 ಅಂಕ, ನಾಲ್ಕೇ ದಿನದ ಹಿಂದೆ 26ಕ್ಕೆ 4 ಹಾಕಿದವನಿಗೆ. ಎಂಟಕ್ಕೆ ಎಂಟು ಗೆಲುವು. ಡರ್ಕ್ ನೊವಿಟ್ಸ್ಕಿ ಇದ್ದ ತಂಡ 2002ರಲ್ಲಿ ತಂದದ್ದು ಕಂಚು. ಚಿನ್ನ ಬಂದದ್ದು ಈಗಲೇ ಮೊದಲು.

ಆ ಕೊನೆಯ ಲೇಅಪ್ ನೋಡುವಾಗ ಒಮ್ಮೆ ನಿಲ್ಲಿಸಿ ಮೂಲೆಗಳತ್ತ ನೋಡಿ. ಶ್ರೋಡರ್‌ಗೆ ರಿಂಗಿನ ದಾರಿ ತೆರೆದದ್ದರಲ್ಲಿ ದೂರ ಹೋಗಿ ನಿಂತವರ ಪಾಲೂ ಇದೆ: ಅವರನ್ನು ಬಿಟ್ಟು ಬಂದರೆ ಮೂರು ಅಂಕ ಎಂಬ ಹೆದರಿಕೆ ಡಿಫೆಂಡರ್‌ಗಳ ಕಾಲು ಕಟ್ಟುತ್ತದೆ.

ಎಂಟೂ ಪಂದ್ಯ ನೋಡಲು ಪುರುಸೊತ್ತಿಲ್ಲದವರು ಸೆಮಿಫೈನಲ್‌ನ ಮೂರನೇ ಕ್ವಾರ್ಟರ್, ಲಾಟ್ವಿಯಾ ಪಂದ್ಯದ ಕೊನೆಯ ಐದು ನಿಮಿಷ, ಫೈನಲ್‌ನ ಮೂರನೇ ಕ್ವಾರ್ಟರ್, ಈ ಕ್ರಮದಲ್ಲಿ ನೋಡಲಿ. ಒಮ್ಮೆ ಸುಮ್ಮನೆ, ಇನ್ನೊಮ್ಮೆ ಬಾಲ್ ಬಿಟ್ಟು ಒಬ್ಸ್ಟ್‌ನನ್ನು ಮಾತ್ರ, ಮೂರನೇ ಸಲ ಟೈಸ್‌ನನ್ನು ಮಾತ್ರ. ಬೆಳಗಿನ ಅಭ್ಯಾಸಕ್ಕೆ ಬರುವಾಗ ಒಂದು ಟೇಪು, ಒಂದು ದಾರ, ಎರಡು ಬಾಲ್ ತನ್ನಿ.